ಕೃಷ್ಣಪಕ್ಷದ ರಜೆ

ನನ್ನ ಗಂಡನಿಗೆ ಲಕ್ವಾ ಹೊಡೆದದ್ದು ದೀಪಾವಳಿ ಮುಗಿದ ಮೂರನೆಯ ವಾರ, ಬೆಟಗೇರಿಯ ನಮ್ಮ ಮನೆಯಲ್ಲಿ, ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತಿದ್ದಾಗಲೇ. ನಾನು ಪಕ್ಕದಲ್ಲಿ ರಾಟಿ ತಿರುಗಿಸುತ್ತ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ಮಗ್ಗದ ಸದ್ದು ನಿಂತಿತು. ಎಳೆ ಹರಿದಿರಬೇಕು ಅಂದುಕೊಂಡು ತಲೆ ಎತ್ತಲಿಲ್ಲ. ಎತ್ತಿದಾಗ ಅವರ ಬಾಯಿ ಒಂದು ಕಡೆಗೆ ಜಗ್ಗಿತ್ತು. ಏನೋ ಹೇಳಲು ನೋಡುತ್ತಿದ್ದರು, ಬರುತ್ತಿರಲಿಲ್ಲ.

ಹದಿನೈದು ದಿನ ಗದಗಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದೆವು. ಕಾಲು ಎಳೆದುಕೊಂಡು ನಡೆಯುವಷ್ಟು ಮರಳಿತು, ಕೈ ಅರ್ಧ ಮರಳಿತು, ಮಾತು ಮರಳಲಿಲ್ಲ. ನಾವು ಆಡಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು. ಉತ್ತರ ಮಾತ್ರ ನಾಲಿಗೆಗೆ ಇಳಿಯುತ್ತಿರಲಿಲ್ಲ. ನೇಯುತ್ತಲೇ ಓಣಿಯಲ್ಲಿ ಹೋಗುವವರನ್ನು ಕರೆದು ಕಾಲೆಳೆಯುತ್ತಿದ್ದ ಮನುಷ್ಯ. "ಇವನ ಬಾಯಿಗೂ ಒಂದು ಲಾಳಿ ಐತಿ" ಅನ್ನುತ್ತಿದ್ದರು ಜನ. ಅಂಥವರು ನೀರು ಬೇಕಾದರೆ ಲೋಟ ಬಡಿಯುವ ಸ್ಥಿತಿಗೆ ಬಂದರು.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ಒಬ್ಬರಿದ್ದರು, ಸಣ್ಣ ವಯಸ್ಸು, ತುಂಬಿದ ಬಸುರಿ. ಚಿತ್ರದ ಕಾರ್ಡುಗಳ ಒಂದು ಕಟ್ಟನ್ನು ನನ್ನ ಕೈಗಿಟ್ಟರು. "ಅಮ್ಮಾರ, ಮೊದಲಿನ ಆರು ತಿಂಗಳದಾಗ ಎಷ್ಟು ಬರ್ತೈತೋ ಅಷ್ಟ ಗಟ್ಟಿ. ದಿನಾ ಅರ್ಧಾ ತಾಸು ಕುಂಡ್ರಿಸಿ ಮಾಡಸ್ರಿ. ಒಂದು ದಿನಾನೂ ಬಿಡಬ್ಯಾಡ್ರಿ. ಸಂಕ್ರಾಂತಿಗೆ ನಾ ರಜಾ ಮ್ಯಾಲೆ ಹೊಂಟೀನಿ, ಬಂದ ಮ್ಯಾಲೆ ನೋಡ್ತೀನಿ."

'ನೀರು' ಎಂಬ ಎರಡಕ್ಷರಕ್ಕೆ ಹನ್ನೊಂದು ದಿನ ಹಿಡಿಯಿತು. ಆಮೇಲೆ 'ಬಾ', ಆಮೇಲೆ 'ಉಪ್ಪು'. ಕಾರ್ಡಿನಲ್ಲಿ ಕೊಡೆ, ಚಮಚ, ಆನೆ ಎಲ್ಲ ಇದ್ದವು, ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿ ಇರಲಿಲ್ಲ. ರವೆಯ ಡಬ್ಬಿಯ ರಟ್ಟು ಹರಿದು ನಾನೇ ಪೆನ್ನಿನಿಂದ ಲಾಳಿ ಬರೆದೆ. ಅದನ್ನು ಅವರು ಮೊದಲ ದಿನವೇ ಹೇಳಿದರು, ಹೇಳಿ ಅತ್ತರು. ಸಂಕ್ರಾಂತಿಯ ಹೊತ್ತಿಗೆ ಒಂಬತ್ತು ಶಬ್ದ ಬಂದಿದ್ದವು. ರಜೆಗೆ ಹೋಗುವ ಮುಂಚೆ ಮೇಡಂ ಒಮ್ಮೆ ಕರೆಸಿ ನೋಡಿ, ಫೈಲಿನಲ್ಲಿ ಬರೆದುಕೊಂಡಿದ್ದರು.

ಅರ್ಧ ತಾಸು ಅಂದರೆ ಏನು ಮಹಾ ಅನ್ನುವವರು ಒಮ್ಮೆ ಕೂತು ನೋಡಬೇಕು. ಒಂದೇ ಶಬ್ದವನ್ನು ನಲವತ್ತು ಸಲ ಹೇಳಿ, ನಲವತ್ತು ಸಲ ಅವರ ಬಾಯಿ ತಿರುಚುವುದನ್ನು ನೋಡಬೇಕು. ಸಿಟ್ಟು ಬಂದಾಗ ಕಾರ್ಡು ಎಸೆಯುತ್ತಿದ್ದರು. ಎದ್ದು ಆರಿಸಿಕೊಂಡು ಬರಬೇಕು. ಅವರಿಗೆ ಸ್ನಾನ ಮಾಡಿಸಿ, ಉಣಿಸಿ, ಬೇರೆಯವರ ಮಗ್ಗಕ್ಕೆ ಕಂಡಿಕೆ ಸುತ್ತಿ ಕೊಟ್ಟು ನಾನು ಬತ್ತಿಹೋಗಿದ್ದೆ. ಬೆಳಗಾಗದಿದ್ದರೆ ಸಾಕು ಅನ್ನಿಸುತ್ತಿತ್ತು. ಇದನ್ನು ನೆಪ ಅಂತ ಹೇಳುತ್ತಿಲ್ಲ. ನೆಪ ಮುಂದೆ ಬರುತ್ತದೆ.

ಹುಲಕೋಟಿಯಲ್ಲಿ ಭಾನುವಾರಕ್ಕೊಮ್ಮೆ ಧ್ಯಾನ ಕಲಿಸುತ್ತಾರೆ ಅಂತ ಯಾರೋ ಹೇಳಿದರು. ಪಕ್ಕದ ಮನೆಯ ಮುಸ್ಲಿಂ ಹೆಣ್ಣುಮಗಳು, ಸೀರೆಗೆ ಫಾಲ್ ಹಚ್ಚಿಕೊಡುವವಳು, "ಹೋಗಿ ಬರ್ರಿ ಅಕ್ಕಾ, ಕಾಕಾರನ್ನ ನಾ ನೋಡ್ಕೋತೀನಿ" ಅಂದಳು. ಹೋದೆ. ಕಲಿಸುವವರು ನಿವೃತ್ತ ಶಾಲಾ ಶಿಕ್ಷಕಿ. ಉಸಿರಿನ ಮೇಲೆ ಗಮನ ಇಟ್ಟು ಕೂರುವುದನ್ನು ಚಂದ್ರನ ಜೊತೆಗೆ ಹೊಂದಿಸಿದ್ದರು. ಅಮಾವಾಸ್ಯೆಗೆ ಒಂದು ಸಂಕಲ್ಪ ಮಾಡಿ ಹುಣ್ಣಿಮೆಯವರೆಗೆ ಅದನ್ನು ಬೆಳೆಸಬೇಕು. ಹುಣ್ಣಿಮೆಯಿಂದ ಅಮಾವಾಸ್ಯೆಯವರೆಗೆ ಹಿಡಿದದ್ದನ್ನು ಸಡಿಲ ಬಿಡಬೇಕು. "ಉಸಿರು ಒಳಗ ಬರ್ತೈತಿ, ಹೊರಗ ಹೋಗತೈತಿ. ಚಂದ್ರಂದೂ ಹಂಗ. ಬಿಡೂ ಪಕ್ಷದಾಗ ಏನನ್ನೂ ಜಗ್ಗಬ್ಯಾಡ್ರಿ" ಅಂದರು. ಅವರು ಹೇಳಿದ್ದು ಮನಸ್ಸಿನ ಮಾತು. ಗಂಡನ ನಾಲಿಗೆಯ ಮಾತಲ್ಲ. ಅವರ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ.

ನಮ್ಮ ನೇಕಾರರ ಮನೆಗಳಲ್ಲಿ ಅಮಾವಾಸ್ಯೆಗೆ ಮಗ್ಗ ಮುಟ್ಟುವುದಿಲ್ಲ. ಮಗ್ಗ ಒರೆಸಿ, ಕುಂಕುಮ ಹಚ್ಚಿ, ಕಾಯಿ ಒಡೆದು ಸುಮ್ಮನಿರುವುದು. ಸೀರೆ ಇನ್ನೊಂದು ಗೇಣು ಉಳಿದಿದ್ದರೂ, ವ್ಯಾಪಾರಿ ಬಾಗಿಲಲ್ಲಿ ನಿಂತಿದ್ದರೂ ನನ್ನ ಗಂಡ ಆ ದಿನ ಕುಣಿಗೆ ಇಳಿದವರಲ್ಲ. ಮಗ್ಗಕ್ಕೂ ಉಸಿರು ಬೇಕು ಅನ್ನುತ್ತಿದ್ದರು. ಅಮಾವಾಸ್ಯೆಗೆ ಒಂದು ದಿನ ರಜೆ ಇದ್ದರೆ, ಅದರ ಹಿಂದಿನ ಹದಿನಾಲ್ಕು ದಿನವೂ ಯಾಕಿರಬಾರದು ಎಂದು ನಾನು ಲೆಕ್ಕ ಹಾಕಿದೆ. ಹಿಟ್ಟು ಹಳಸಿತ್ತು, ನಾಯಿ ಹಸಿದಿತ್ತು. ಮಾಘ ಮಾಸದ ಭಾರತ ಹುಣ್ಣಿಮೆಯ ಮರುದಿನ ಕಾರ್ಡುಗಳನ್ನು ದೇವರ ಗೂಡಿನ ಕೆಳಗೆ ಇಟ್ಟು, "ಇನ್ನ ಅಮಾಸಿ ತನಕಾ ನಿಮಗೂ ಆರಾಮ, ನನಗೂ ಆರಾಮ" ಅಂದೆ. ಅವರು ನನ್ನನ್ನೇ ನೋಡಿದರು. ಒಪ್ಪಿದರು ಅಂದುಕೊಂಡೆ.

ನಾಲ್ಕನೆಯ ದಿನ ಸಂಜೆ ನಾನು ಚಾಪೆ ಹಾಸಿ ಕಣ್ಣು ಮುಚ್ಚಿ ಕೂತಿದ್ದೆ. ಮಡಿಲಲ್ಲಿ ಏನೋ ಬಿತ್ತು. ಕಣ್ಣು ತೆರೆಯಲಿಲ್ಲ. ಬೆರಳಿಗೆ ರಟ್ಟಿನ ಅಂಚು ತಾಗಿತು. ಎಡಗೈಯಿಂದ ಗೋಡೆ ಹಿಡಿದು, ಕಾಲು ಎಳೆಯುತ್ತ ಹೋಗಿ, ಬಗ್ಗಿ, ಆ ಕಟ್ಟನ್ನು ಅವರೇ ತಂದು ಹಾಕಿದ್ದರು. ಎದುರಿಗೆ ನಿಂತು ಏದುಸಿರು ಬಿಡುವುದು ಕೇಳುತ್ತಿತ್ತು. ಅಡ್ಡಿ ಬಂದರೆ ಅದನ್ನು ಗಮನಿಸಿ, ಬಿಟ್ಟುಬಿಡಿ ಎಂದು ನಮಗೆ ಕಲಿಸಿದ್ದರು. ಗಮನಿಸಿದೆ. ಬಿಟ್ಟುಬಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಅವರು ತಮ್ಮ ಹೊರಸಿಗೆ ಮರಳಿ ಮಲಗಿದರು. ಆ ದಿನ ನನ್ನ ಧ್ಯಾನ ಬಹಳ ಚೆನ್ನಾಗಿ ಆಯಿತು ಎಂದು ನೋಟ್ ಪುಸ್ತಕದಲ್ಲಿ ಬರೆದಿದ್ದೇನೆ. ಆ ಪುಟ ಇನ್ನೂ ಇದೆ.

ಪಕ್ಕದ ಮನೆಯವಳು ಕಂಡುಹಿಡಿದಳು. "ಯಾಕ ಅಕ್ಕಾ, ಕಾಕಾರ ದನಿ ಕೇಳವಲ್ದಲ್ಲ?" ನಾನು ಪಕ್ಷದ ವಿಷಯ ಬಿಡಿಸಿ ಹೇಳಿದೆ, ಸ್ವಲ್ಪ ಹೆಮ್ಮೆಯಿಂದಲೇ. ಅವಳು ಸೂಜಿಗೆ ದಾರ ಪೋಣಿಸುತ್ತ ಅಂದಳು, "ನಾವೂ ಚಂದ್ರನ್ನ ನೋಡೇ ಹಬ್ಬಾ ಮಾಡ್ತೀವ್ರಿ. ಆದ್ರ ದಿನದ ನಮಾಜಿಗೆ ಚಂದ್ರನ್ನ ಕೇಳೂದಿಲ್ಲ." ನನಗೆ ಸಿಟ್ಟು ಬಂತು. ಎಂಟು ದಿನ ಅವಳ ಜೊತೆ ಮಾತು ಬಿಟ್ಟೆ. ಮಾತು ಬಿಡುವುದು ನನಗೆ ಅಷ್ಟು ಸಲೀಸಾಗಿತ್ತು.

ಭಾರತ ಹುಣ್ಣಿಮೆ, ಹೋಳಿ ಹುಣ್ಣಿಮೆ, ದವನದ ಹುಣ್ಣಿಮೆ, ಆಗಿ ಹುಣ್ಣಿಮೆ, ಕಾರ ಹುಣ್ಣಿಮೆ. ಐದು ತಿಂಗಳು, ಐದು ಕೃಷ್ಣಪಕ್ಷ. ಶುಕ್ಲಪಕ್ಷದಲ್ಲಿ ಕಷ್ಟಪಟ್ಟು ಕೂಡಿಸಿದ ಶಬ್ದಗಳು ಮುಂದಿನ ಹದಿನೈದು ದಿನದಲ್ಲಿ ಬಿಚ್ಚಿಹೋಗುತ್ತಿದ್ದವು. ಒಂಬತ್ತು ಇದ್ದದ್ದು ಆರಾಯಿತು, ಮೂರಾಯಿತು. ಚಂದ್ರ ಕ್ಷೀಣಿಸಿ ಮತ್ತೆ ತುಂಬುವ ಹಾಗೆ ಇವೂ ತುಂಬುತ್ತವೆ ಎಂದು ನಂಬಿದ್ದೆ. ಖರೆ ಹೇಳಬೇಕೆಂದರೆ ನಂಬಿಕೆಯೂ ಅಲ್ಲ. ನನಗೆ ನಿದ್ದೆ ಬರತೊಡಗಿತ್ತು. ಊಟ ರುಚಿಸತೊಡಗಿತ್ತು. ಸಂಜೆ ಮಾಳಿಗೆ ಹತ್ತಿ ಹುಣ್ಣಿಮೆಯ ಚಂದ್ರ ಮೂಡುವುದನ್ನು ನೋಡುವಾಗ, ನಾಳೆಯಿಂದ ಆ ಕಾರ್ಡುಗಳ ಮುಂದೆ ಕೂರಬೇಕಿಲ್ಲ ಎಂದು ಎದೆ ಹಗುರಾಗುತ್ತಿತ್ತು. ಅದನ್ನೇ ಶಾಂತಿ ಅಂದುಕೊಂಡಿದ್ದೆ. ಕುಣಿಯಲು ಬಾರದವಳಿಗೆ ನೆಲ ಡೊಂಕಾದರೆ, ನನಗೆ ಚಂದ್ರ ಸಿಕ್ಕಿದ್ದ.

ಹೋಳಿ ಹುಣ್ಣಿಮೆಯ ನಂತರವೂ ಅವರು ಎರಡು ಸಲ ಕಾರ್ಡು ತಂದಿದ್ದರು. ದವನದ ಹುಣ್ಣಿಮೆಯ ನಂತರ ತರಲಿಲ್ಲ. ಆಮೇಲಾಮೇಲೆ ಶುಕ್ಲಪಕ್ಷದಲ್ಲಿ ನಾನೇ ಕಾರ್ಡು ಹಿಡಿದು ಕೂತರೂ ಅವರು ಗೋಡೆಯ ಕಡೆ ತಿರುಗುತ್ತಿದ್ದರು.

ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ಮೇಡಂ ರಜೆಯಿಂದ ಬಂದಿದ್ದಾರೆ ಎಂದು ಆಸ್ಪತ್ರೆಯಿಂದ ಫೋನ್ ಬಂತು. ಹೋದೆವು. ಅವರು ಒಂದೊಂದೇ ಕಾರ್ಡು ಎತ್ತಿ ಹಿಡಿದರು. ನೀರಿನ ಚಿತ್ರಕ್ಕೆ "ನೀ" ಅಂದರು ನನ್ನ ಗಂಡ. ಮಿಕ್ಕ ಯಾವುದಕ್ಕೂ ಬಾಯಿ ತೆರೆಯಲಿಲ್ಲ. ಲಾಳಿಯ ರಟ್ಟನ್ನು ನಾನೇ ಚೀಲದಿಂದ ತೆಗೆದು ಕೊಟ್ಟೆ. ಅದನ್ನೂ ನೋಡಿ ನನ್ನ ಗಂಡ ಮಡಿಲಲ್ಲಿ ಬೋರಲು ಹಾಕಿದರು. ಮೇಡಂ ಹಳೆಯ ಫೈಲು ತೆಗೆದು ನೋಡಿದರು. ಒಂಬತ್ತು ಶಬ್ದ ಎಂದು ಅವರದೇ ಅಕ್ಷರದಲ್ಲಿ ಇತ್ತು.

"ದಿನಾ ಮಾಡಿಸಿದ್ರ್ಯಾ ಅಮ್ಮಾರ?"

"ಹೌದ್ರಿ. ದಿನಾ."

ಹೇಗೆ ಹೊರಟಿತೋ ಆ ಸುಳ್ಳು. ಯೋಚಿಸಿ ಆಡಿದ್ದಲ್ಲ. ಮೇಡಂ ಅನುಮಾನದಿಂದಲ್ಲ, ರೋಗಿಯನ್ನೂ ಮಾತಿಗೆ ಸೇರಿಸಿಕೊಳ್ಳಬೇಕೆಂಬ ಮರ್ಯಾದೆಗೆ ಅವರ ಕಡೆ ತಿರುಗಿದರು. "ಏನ್ರಿ ಕಾಕಾ, ಅಮ್ಮಾರು ದಿನಾ ಮಾಡ್ಸ್ಯಾರೇನ್ರಿ?"

ಹೌದು ಅನ್ನಲು, ಅಲ್ಲ ಅನ್ನಲು ಅವರಿಗೆ ತಲೆ ಆಡಿಸುವುದು ಬರುತ್ತಿತ್ತು. ಅದಕ್ಕೇನೂ ತೊಂದರೆಯಾಗಿರಲಿಲ್ಲ. ನಾನು ನೆಲ ನೋಡಿದೆ. ತಲೆ ಎತ್ತಿದಾಗ ಅವರು ಹೌದು ಎಂದು ತಲೆ ಆಡಿಸುತ್ತಿದ್ದರು, ಒಮ್ಮೆಯಲ್ಲ, ಎರಡು ಸಲ. ಮೇಡಂ ಮರುಕದಿಂದ ನನ್ನ ಕೈ ಮುಟ್ಟಿದರು. "ನೀವು ಮಾಡೂದೆಲ್ಲಾ ಮಾಡೀರಿ. ಕೆಲವರಿಗೆ ಹಿಂಗ ಆಗತೈತ್ರಿ. ಇನ್ನ ಭಾಳ ಆಸೆ ಇಟ್ಕೋಬ್ಯಾಡ್ರಿ."

ಹೊರಗೆ ಬಂದೆವು. ಅವರನ್ನು ಆಟೋದಲ್ಲಿ ಕೂರಿಸಿ, ಕಾಲು ಎತ್ತಿ ಒಳಗಿಟ್ಟು, ಪಕ್ಕದಲ್ಲಿ ಕೂತೆ. "ಯಾಕ ಹಂಗ ಹೇಳಿದ್ರಿ?" ಎಂದು ಕೇಳಿದೆ. ಅವರ ತುಟಿ ಅಲುಗಿತು. ಏನೋ ಹೇಳಲು ನೋಡಿದರು. ಬೆಟಗೇರಿ ಬರುವವರೆಗೂ ನೋಡಿದರು, ಬರಲಿಲ್ಲ.