ಕೆಂಪು ಚುಕ್ಕೆಯ ದೋಣಿ

ಬೇಯಾ ಮೀನಿನ ಕಿವಿರು ಎತ್ತಿ ನೋಡದೆ ಕೊಂಡವಳಲ್ಲ. ತಾಜಾ ಮೀನು ಎಂದು ಮಾರುವವನು ಆಣೆ ಇಟ್ಟರಂತೂ ಎರಡು ಸಲ ಎತ್ತಿ ನೋಡುತ್ತಿದ್ದಳು. ಸೀದಿ ಯಹ್ಯಾ ಬಂದರಿನ ಮೀನುಗಾರರ ಸಂಘದಲ್ಲಿ ಅವಳಿಗೆ ಕೆಲಸ. ಯಾವ ದೋಣಿ ಎಷ್ಟು ಗಂಟೆ ಕಡಲಲ್ಲಿತ್ತು, ಎಷ್ಟು ಪೆಟ್ಟಿಗೆ ಬೂತಾಯಿ ಮೀನು ತಂತು ಎಂದು ತೂಕದವನು ಕೊಟ್ಟ ಅಂಕಿಗಳನ್ನು ಕಂಪ್ಯೂಟರಿಗೆ ತುಂಬಬೇಕು. ಅಲ್ಲಿ ದೋಣಿಗೆ ಹೆಸರಿಲ್ಲ, ನಂಬರು ಮಾತ್ರ. ಈ ಸಾಲು ತುಂಬುವಷ್ಟರಲ್ಲಿ ಹಿಂದಿನ ಸಾಲು ಮರೆತುಹೋಗಿರುತ್ತಿತ್ತು.

ಸಂಘದವರು ಅವಳನ್ನು ಬುಧವಾರದ ತರಗತಿಗೆಂದು ಮಹ್ದಿಯಾ ಪಟ್ಟಣಕ್ಕೆ ಕಳಿಸಿದರು. ಆರ್ ಎಂಬ ಪ್ರೋಗ್ರಾಮಿನಲ್ಲಿ ಆಜ್ಞೆ ಬರೆದು ಅಂಕಿಗಳಿಂದ ಚಿತ್ರ ತೆಗೆಯುವುದನ್ನು ಅಲ್ಲಿ ಸಿ ನೌಫಲ್ ಎಂಬ ಮೇಷ್ಟ್ರು ಕಲಿಸುತ್ತಿದ್ದರು. ಬೇಯಾಳಿಗೆ ಅದರ ಮೇಲೂ ಅನುಮಾನವೇ. ಒಂದು ಅಲ್ಪವಿರಾಮ ಬಿಟ್ಟುಹೋದರೆ ಬೈಯುವ ಯಂತ್ರ ಸುಳ್ಳು ಅಂಕಿ ಕೊಟ್ಟರೆ ಸುಮ್ಮನೆ ನುಂಗುತ್ತದಲ್ಲ, ಇದೆಂಥ ನ್ಯಾಯ ಎಂದು ಕೇಳಿಯೇಬಿಟ್ಟಳು.

"ಅದಕ್ಕೇ ಲೆಕ್ಕಕ್ಕಿಂತ ಮುಂಚೆ ಚಿತ್ರ ತೆಗೀರಿ ಅನ್ನೋದು, ಮದಾಮ್," ಎಂದು ಸಿ ನೌಫಲ್ ನಕ್ಕರು. "ಸರಾಸರಿ ನಂಬ್ಬೇಡಿ. ನನ್ನೂ ನಂಬ್ಬೇಡಿ."

ಆ ಮಾತೊಂದು ಅವಳಿಗೆ ಬಹಳ ಹಿಡಿಸಿತು. ಮಾರನೆಯ ದಿನವೇ ಕಚೇರಿಯಲ್ಲಿ ತಮ್ಮ ಬಂದರಿನ ಇಡೀ ಬೇಸಿಗೆಯ ಅಂಕಿಗಳನ್ನು ತೆರೆದಳು. ಅಡ್ಡಗೆರೆಗೆ ಕಡಲಲ್ಲಿ ಕಳೆದ ಗಂಟೆ, ನಿಲುಗೆರೆಗೆ ತಂದ ಪೆಟ್ಟಿಗೆ; ಕಡಲಿಗೆ ಹೋದ ಪ್ರತಿ ಸಲಕ್ಕೂ ಒಂದು ಚುಕ್ಕೆ. ಎಲ್ಲ ದೋಣಿಗಳಿಗೂ ಬೂದು ಚುಕ್ಕೆ ಇಟ್ಟು, ಗಂಡ ಝುಹೈರನ ದೋಣಿಗೆ ಮಾತ್ರ ಆಸೆಯಿಂದ ಕೆಂಪು ಬಣ್ಣ ಕೊಟ್ಟಳು.

ಪರದೆಯ ತುಂಬ ಬೂದು ಚುಕ್ಕೆಗಳು ಇರುವೆ ಎದ್ದಂತೆ ಎದ್ದವು. ಕೆಂಪು ಒಂದೇ ಒಂದು. ಹತ್ತು ಗಂಟೆ, ಒಂದು ಪೆಟ್ಟಿಗೆ. ಇಡೀ ಬೇಸಿಗೆಯಲ್ಲಿ ಒಂದೇ ಸಲವೇ? ಬೆಳದಿಂಗಳ ವಾರದಲ್ಲಿ, ರಾತ್ರಿ ದೀಪ ತೋರಿಸಿ ಮೀನು ಸೆಳೆಯುವ ದೋಣಿಗಳು ಕಡಲಿಗಿಳಿಯುವುದಿಲ್ಲ, ಸರಿ. ಮಿಕ್ಕ ದಿನವೆಲ್ಲ ಅವನು ಸೂರ್ಯ ಮುಳುಗುವ ಮೊದಲೇ ಬುತ್ತಿ ಹಿಡಿದು ಹೊರಡುತ್ತಿದ್ದನಲ್ಲ!

ಪಕ್ಕದ ಮೇಜಿನ ಹಯಾತ್ ಇಣುಕಿ ನೋಡಿದಳು. "ಬೇಜಾರ್ ಮಾಡ್ಕೋಬೇಡ್ವೆ. ಒಂದೇ ಸಲ ಸಮುದ್ರಕ್ಕೆ ಹೋದ ಗಂಡ್ಸು ಮಿಕ್ಕ ರಾತ್ರಿಯೆಲ್ಲಾ ಎಲ್ಲಿರ್ತಾನೆ?"

"ಬಾಯ್ಮುಚ್ಚೆ."

"ನಾನ್ ಮುಚ್ತೀನಿ. ಆ ಚುಕ್ಕೆ ಮುಚ್ಚುತ್ತಾ?"

ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಅಂದಿನಿಂದ ಬೇಯಾಳಿಗೆ ಎಲ್ಲವೂ ಸಾಕ್ಷಿಯಾಗತೊಡಗಿತು. ಮನೆಯಲ್ಲಿರುವ ಬೆಳದಿಂಗಳ ವಾರದಲ್ಲೂ ದೀಪ ಹಚ್ಚಿದ ಮೇಲೆ ಅವನು ಮುಖ ನೋಡಿ ಮಾತಾಡುವುದಿಲ್ಲ. ಸಂಜೆಯ ಮದುವೆಗಳಿಗೆ ಬಾ ಎಂದರೆ ಏನಾದರೊಂದು ನೆವ. ಮೊನ್ನೆ ನಸುಕಿನಲ್ಲಿ ಚಹಾದ ಲೋಟ ಕೈಗಿತ್ತರೆ ಬೀಳಿಸಿದ್ದ. ಅವನ ಮನಸ್ಸು ಇನ್ನೆಲ್ಲೋ ಇರಬೇಕು ಎಂದುಕೊಂಡಳು. ಈ ವರ್ಷ ಮೀನೇ ಇಲ್ಲ ಎಂದು ಅವನು ಗೊಣಗುತ್ತಿದ್ದುದು ಬೇರೆ. ಬೂದು ಚುಕ್ಕೆಗಳು ನೋಡಿದರೆ ಮೂವತ್ತು ನಲವತ್ತು ಪೆಟ್ಟಿಗೆಯವರೆಗೆ ಏರಿದ್ದವು.

ಮುಂದಿನ ಬುಧವಾರ ಯಾರ ದೋಣಿ ಎಂದು ಹೇಳದೆ ಸಿ ನೌಫಲ್‌ಗೆ ಚಿತ್ರ ತೋರಿಸಿದಳು.

"ಅಂಕಿ ಒಂದೇ ಆದ್ರೆ ಚುಕ್ಕೆಗಳು ಒಂದರ ಮೇಲೊಂದು ಕೂತ್ಬಿಡ್ತವೆ, ಮದಾಮ್. ಒಂಚೂರು ಅಲ್ಲಾಡ್ಸಿ ನೋಡಿ."

ಅಲುಗಿಸುವ ಆಜ್ಞೆ ಬರೆದಳು. ಜರಡಿ ಕುಲುಕಿದಾಗ ಅಂಟಿಕೊಂಡ ಕುಸ್ಕುಸ್ ಕಾಳು ಬಿಡಿಬಿಡಿಯಾಗುವ ಹಾಗೆ ಆ ಒಂದು ಚುಕ್ಕೆ ಕೆಂಪು ರಾಶಿಯಾಗಿ ಹರಡಿತು. ಹಾಗಾದರೆ ಅವನು ದಿನವೂ ಹೋಗಿದ್ದಾನೆ! ಅವಳ ಸಂತೋಷ ಬಸ್ಸು ಹತ್ತುವವರೆಗೂ ಉಳಿಯಲಿಲ್ಲ. ದಿನಾ ಹತ್ತೇ ಗಂಟೆ, ದಿನಾ ಒಂದೇ ಪೆಟ್ಟಿಗೆ? ಕಡಲು ಯಾರಿಗೂ ಹೀಗೆ ಅಳೆದು ಕೊಡುವುದಿಲ್ಲ. ಇದು ಹಿಡಿದ ಮೀನಲ್ಲ, ಬರೆಸಿದ ಮೀನು. ನನ್ನ ಕೈಯಿಂದಲೇ ಸುಳ್ಳು ತುಂಬಿಸಿದ್ದಾನೆ ಎಂದು ಅವಳಿಗೆ ಮೈ ಉರಿಯಿತು. ಇವತ್ತು ಇತ್ಯರ್ಥವಾಗಲಿ, ಇಲ್ಲವಾದರೆ ಅಣ್ಣನ ಮನೆ ಇದ್ದೇ ಇದೆ ಎಂದು ನಿಶ್ಚಯಿಸಿಕೊಂಡಳು.

ಆ ಸಂಜೆ ಅವನ ಹಿಂದೆಯೇ ಹೋದಳು. ದೋಣಿಗಳು ಸಾಲಾಗಿ ಬಂದರು ದಾಟಿದವು. ಝುಹೈರನ ದೋಣಿ ಕಟ್ಟಿದ ಹಗ್ಗದಲ್ಲೇ ತೂಗಾಡುತ್ತಿತ್ತು. ಬಲೆ ಹೆಣೆಯುವ ಕೊಟ್ಟಿಗೆಯಲ್ಲಿ ಮಾತ್ರ ಬೆಳಕು. ಬೈಗುಳವನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡು ಒಳಗೆ ಕಾಲಿಟ್ಟಳು.

ಹೆಂಗಸು ಯಾರೂ ಇರಲಿಲ್ಲ. ನೇತುಹಾಕಿದ ದೀಪದ ಕೆಳಗೆ ಝುಹೈರ್ ಒಬ್ಬನೇ ಕೂತು, ತೊಡೆಯ ಮೇಲಿನ ಹರಿದ ಬಲೆಯನ್ನು ಬೆರಳಿಂದ ತಡವಿ ತಡವಿ ಹೊಲಿಯುತ್ತಿದ್ದ. ಸದ್ದಿಗೆ ತಲೆಯೆತ್ತಿ ನೇರ ಅವಳ ಮುಖವನ್ನೇ ನೋಡಿದ. ನಡುವೆ ಎರಡು ಮಾರು ದೂರವಿತ್ತು.

"ಯಾರದು?"

ನಾಟಕವಾಡುತ್ತಾನೆ ಎಂದುಕೊಂಡಳು ಬೇಯಾ.

"ಸ್ಲೀಮ್, ನೀನೇನೋ? ಇನ್ನೂ ಹೊರಟಿಲ್ವಾ? ನಂಗೆ ಇವತ್ತು ಪೆಟ್ಟಿಗೆ ಬೇಡ ಕಣೋ. ನಿಂಗೂ ಮಕ್ಕಳಿದಾರೆ. ನಿನ್ನೆ ಅವ್ನು ಕೊಟ್ಟ, ಮೊನ್ನೆ ಇವ್ನು. ಎಷ್ಟು ದಿನ ಅಂತ?"

ಕಾಯಿಲೆ ಬಿದ್ದವನ ಹೆಸರಿಗೆ ಉಳಿದವರು ಒಂದು ಪೆಟ್ಟಿಗೆ ಹಾಕುವುದು ಆ ಬಂದರಿನ ರೂಢಿ. ಅದು ಬೇಯಾಳಿಗೂ ಗೊತ್ತಿತ್ತು. ಜ್ವರಕ್ಕೋ ಮುರಿದ ಕೈಗೋ ಹಾಕುತ್ತಿದ್ದರು. ಒಂದು ಇಡೀ ಬೇಸಿಗೆ ಹಾಕಿದ್ದನ್ನು ಅವಳು ಕೇಳಿರಲಿಲ್ಲ.

"ನಾನು," ಎಂದಳು.

ಅವನು ಸೂಜಿಯನ್ನು ಬಲೆಗೆ ಚುಚ್ಚಿಟ್ಟು ಹೇಳಿದ: "ಹಗಲು ಕಣ್ಣು ಪರ್ವಾಗಿಲ್ಲ. ಕತ್ತಲಾದ್ರೆ ದೀಪ ಇದೆ ಅಂತ ಗೊತ್ತಾಗುತ್ತೆ, ಅಷ್ಟೆ."

"ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಕಿವಿರು ಎತ್ತಿ ನೋಡೋಳು, ಬೇಯಾ. ಇದು ಹಳಸಿದೆ ಅಂತ ಪಕ್ಕಕ್ಕಿಟ್ಬಿಟ್ರೆ?"

ಬೇಯಾ ಅಲ್ಲೇ ಬಲೆಯ ಮೇಲೆ ಕೂತಳು. ನಾಚಿಕೆಯಿಂದ ಅವಳಿಗೆ ಅಳು ಬಂತು. ಅವನಿಗೆ ಕಾಣುವುದಿಲ್ಲವೆಂದು ಒರೆಸಿಕೊಳ್ಳಲೂ ಹೋಗಲಿಲ್ಲ.

ಮಾರನೆಯ ಮಧ್ಯಾಹ್ನ, ಕಣ್ಣಿನ ಡಾಕ್ಟರ ಹತ್ತಿರ ಹೋಗಿಬಂದ ಮೇಲೆ, ಅಂಗಳದ ಬಿಸಿಲಲ್ಲಿ ಚಿತ್ರದ ಹಾಳೆಯನ್ನು ಅವನ ಮುಂದೆ ಹರಡಿದಳು. ಝುಹೈರ್ ಬಗ್ಗಿ ಕೆಂಪು ರಾಶಿಯ ಮೇಲೆ ಬೆರಳಿಟ್ಟ.

"ಇಷ್ಟೊಂದಾ?" ಎಂದ. ಆಮೇಲೆ ಮೆಲ್ಲಗೆ, "ಇದ್ರಲ್ಲಿ ಒಂದೂ ನಂದಲ್ಲ."

"ಗೊತ್ತು," ಎಂದು ಬೇಯಾ ಪೆನ್ಸಿಲ್ ತೆಗೆದುಕೊಂಡಳು. "ಯಾರ್ಯಾರದು ಹೇಳು. ಹೆಸರು ಬರ್ಕೋತೀನಿ."