ಮೂರು ಗಂಟಿನ ಹುರಿ

ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ಹಳೆಯ ರೇಷ್ಮೆ ಸೀರೆಯೊಂದನ್ನು ಹುಡುಕುತ್ತಿದ್ದೆ. ಕೈಗೆ ಸಿಕ್ಕಿದ್ದು ಒಂದು ಹತ್ತಿಯ ಹುರಿ. ಹೆಚ್ಚುಕಡಿಮೆ ನನ್ನಷ್ಟೇ ಉದ್ದ, ಅದರಲ್ಲಿ ಮೂರು ಗಂಟು. ಮೂಗಿಗೆ ಹಿಡಿದೆ. ನೂಲಿಗೆ ಹಾಕುವ ಗಂಜಿಯ ಹುಳಿ ವಾಸನೆ ಇನ್ನೂ ಇತ್ತು, ಅಥವಾ ಇರಲಿ ಎಂದು ನನಗೆ ಆಸೆಯಿತ್ತು... ಕೊಯಮತ್ತೂರಿನ ಕಡೆಯ ಸಿರುಮುಗೈಯ ನಮ್ಮ ಬೀದಿಯಲ್ಲಿ ಮಗ್ಗ ಹೂಡಿಕೊಡುತ್ತಿದ್ದ ಎದುರುಮನೆಯ ಮಾವ ನನ್ನ ಅಳತೆ ತೆಗೆದು, ಕೊನೆಗೆ ನನಗೇ ಕೊಟ್ಟ ಹುರಿ ಅದು.

ಮಾವ ಎಂದರೆ ನೆಂಟರಲ್ಲ. ನೇಕಾರರ ಬೀದಿ ಅದು, ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಒಳಗಿನ ಭಾಷೆ ಆಡುವವರೆಲ್ಲ ಒಬ್ಬರಿಗೊಬ್ಬರು ಮಾವ, ಅತ್ತೆ, ಅಕ್ಕ. ನಾನು ಕನ್ನಡ ಅಕ್ಷರ ಕಲಿತದ್ದೇ ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದ ಮೇಲೆ. ಮಾವನಿಗೆ ಕಡೆತನಕ ಬರಲಿಲ್ಲ. ಓದಲು ಬಂದಿದ್ದರೆ ಇದನ್ನು ಓದಿ ಏನೆನ್ನುತ್ತಿದ್ದರೋ. ನಾಲ್ಕು ತಪ್ಪಾದರೂ ಹುಡುಕುತ್ತಿದ್ದರು.

ನಮ್ಮದು ಗುಂಡಿಮಗ್ಗ. ನೇಯುವವರು ನೆಲದಂಚಿಗೆ ಕೂತು ಕಾಲನ್ನು ಗುಂಡಿಗೆ ಇಳಿಬಿಟ್ಟು ಹಲಗೆ ತುಳಿಯಬೇಕು. ಗುಂಡಿಯ ಆಳ ಕೂರುವವರ ಕಾಲಿಗೆ ತಕ್ಕಂತಿರಬೇಕು. ಅಪ್ಪನಿಗೆ ಉಬ್ಬಸ ಹೆಚ್ಚಾದಾಗ, ಎಂಬತ್ತರ ದಶಕದ ನಡುವಿನ ಮಾತು, ಅವರ ಗುಂಡಿಗೆ ನಾನು ಇಳಿದೆ. ನನಗಾಗ ಹತ್ತೊಂಬತ್ತು. ಅಪ್ಪ ಗಿಡ್ಡ, ನಾನು ಕೊಕ್ಕರೆ: ಮೈ ಚಿಕ್ಕದು, ಕಾಲು ಮಾತ್ರ ಉದ್ದ. ಮಂಡಿ ಎದೆಗೆ ಬರುತ್ತಿತ್ತು. ಸಂಜೆಯಾದರೆ ಸೊಂಟ ಹಿಡಿದುಕೊಂಡು ಏಳುತ್ತಿದ್ದೆ. ಹೇಳಿದರೆ ಅಪ್ಪ ನಕ್ಕರು. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ."

ಅದನ್ನು ಕೇಳಿಸಿಕೊಂಡು ಎದುರುಮನೆಯಿಂದ ಬಂದ ಮಾವ ಗುಂಡಿಯೊಳಗೆ ಬಗ್ಗಿ ನೋಡಿ, "ನೆಲಾನೇ ಡೊಂಕು ಅಣ್ಣ. ನಿಂಗೆ ತೋಡಿದ ಕುಳಿ ಇದು. ಅವ್ಳು ನಿನ್ನ ಕಾಲ ಕಡ ತಕ್ಕೊಂಡು ನೇಯ್ಬೇಕಾ?" ಎಂದರು.

ಆ ದಿನವೇ ಅಳತೆ. ಹುರಿಯ ತುದಿ ಹಿಡಿದದ್ದು ಅಮ್ಮ, ಗಂಟು ಹಾಕಿದ್ದು ಮಾವ. ಸೊಂಟದಿಂದ ಮಂಡಿಗೆ ಒಂದು, ಮಂಡಿಯಿಂದ ಹಿಮ್ಮಡಿಗೆ ಒಂದು. ಮೂರನೆಯದು ಹೆಗಲಿನಿಂದ ಬೆರಳ ತುದಿಗೆ. ಅಲ್ಲಿ ನಾನು ಎಡಗೈ ಚಾಚಿದೆ. "ಬಲಗೈ" ಎಂದರು. ನಾನು ಅದನ್ನು ಸೆರಗಿನೊಳಗೆ ಎಳೆದುಕೊಂಡೆ.

ಐದು ವರ್ಷದವಳಿದ್ದಾಗ ಇದೇ ಗುಂಡಿಗೆ ಬಿದ್ದು ಮೊಣಕೈ ಮುರಿದಿತ್ತು. ಮೂಳೆ ಕಟ್ಟುವವನು ಕಟ್ಟಿದ. ಅದು ಕೂಡಿಕೊಂಡಿತು, ಆದರೆ ನೆಟ್ಟಗಾಗಲಿಲ್ಲ. ಅಮ್ಮ ಅಂದಿನಿಂದ ನನಗೆ ಉದ್ದ ತೋಳಿನ ರವಿಕೆಯನ್ನೇ ಹೊಲಿಸಿದರು. ಗಂಡಿನವರು ಬಂದಾಗ ಕಾಫಿ ಲೋಟ ಎಡಗೈಯಲ್ಲಿ ಹಿಡಿಯಬಾರದು, ಬಲಗೈ ಚಾಚಲೂ ಬಾರದು. ತಟ್ಟೆಯನ್ನು ಎದೆಗೊತ್ತಿಕೊಂಡು ತರಬೇಕು. ಆ ನಾಟಕದಲ್ಲಿ ನಾನು ಪಳಗಿದ್ದೆ. ಅಂದು ಮಾವ ಬಲಗೈ ಮುಚ್ಚುವಂತೆ ಸದಾ ಹೊದೆಯುತ್ತಿದ್ದ ಹೆಗಲ ವಸ್ತ್ರ, ಆ ತುಂಡನ್ನು ತೆಗೆದು ಕೈಯನ್ನು ನನ್ನ ಮುಂದೆ ಚಾಚಿದರು. ಅದೂ ನೆಟ್ಟಗಾಗಲಿಲ್ಲ. ಅಷ್ಟು ವರ್ಷ ಎದುರುಮನೆಯಲ್ಲಿದ್ದು ನಾನು ಅದನ್ನು ಕಂಡಿರಲಿಲ್ಲ. ನಾನೂ ಬಲಗೈ ಚಾಚಿದೆ, ಮೂರನೆಯ ಗಂಟು ಬಿತ್ತು.

ಹೊಸ ಗುಂಡಿ ಮುಗಿದ ದಿನ ಜಕಾರ್ಡ್ ಪೆಟ್ಟಿಗೆಯನ್ನು ಮಗ್ಗದ ಮೇಲೆ ಏರಿಸಬೇಕಿತ್ತು. ಸೀರೆಗೆ ಹೂ ಬಳ್ಳಿ ಮೂಡಿಸುವ ಕಬ್ಬಿಣದ ಪೆಟ್ಟಿಗೆ, ಇಬ್ಬರು ಸೇರಿ ಎತ್ತುವ ಭಾರ. ಗಂಡಸರು ಹಗ್ಗ ತರಲು ಹೋದರು. ನನಗೆ ಕಾಯುವ ಬುದ್ಧಿ ಯಾವತ್ತೂ ಇಲ್ಲ. ಕಾಲಗಲಿಸಿ ನಿಂತು ಎತ್ತಿ ಇಟ್ಟುಬಿಟ್ಟೆ. ತಿರುಗಿದರೆ ಬಾಗಿಲಲ್ಲಿ ಮಾವ. "ಅಮ್ಮಣಿ, ನಾಳೆ ಕೊಟ್ಟಿಗೆಗೆ ಬಾ" ಎಂದರು.

ಅವರ ಕೊಟ್ಟಿಗೆಯಲ್ಲಿ ದನ ಇರಲಿಲ್ಲ. ಮಿಲ್ಲೊಂದರ ಹಳೆಯ ಕಬ್ಬಿಣದ ಸಲಾಕೆ, ಕೊಯಮತ್ತೂರಿನಲ್ಲಿ ಎರಕ ಹೊಯ್ಯಿಸಿದ ಬಿಲ್ಲೆಗಳು, ನೆಲಕ್ಕೆ ಹಾಸಿದ ಲಾರಿ ಟೈರು. ಬೀದಿಯ ಗಂಡು ಹುಡುಗರು ಭಾರ ಎತ್ತುತ್ತಿದ್ದ ಜಾಗಕ್ಕೆ ಸೀರೆಯನ್ನು ಎತ್ತಿಕಟ್ಟಿ ನಾನೂ ಹೋದೆ. ಊರ ಬಾಯಿಗೆ ಬೀಗ ಹಾಕಲಾದೀತೇ? ಅಂದರು, ಅನ್ನಿಸಿಕೊಂಡೆ. ಅಮ್ಮ ಬೈದು ಬೈದು ಸುಸ್ತಾಗಿ, ಕೊನೆಗೆ ಕೊಟ್ಟಿಗೆಯ ಬಾಗಿಲಲ್ಲೇ ನೂಲು ಸುತ್ತುತ್ತಾ ಕೂರತೊಡಗಿದರು.

ಒಂದು ಭಾನುವಾರ ನಗರದಿಂದ ತರಬೇತುದಾರರೊಬ್ಬರು ಬಂದರು. ಕೈಯಲ್ಲಿ ಚಿತ್ರದ ಹಾಳೆ: ಸೊಂಟ ಇಷ್ಟು ತಗ್ಗಬೇಕು, ಪಾದ ಇಷ್ಟು ಅಗಲ, ಹಿಡಿತ ಇಷ್ಟು. ಹಾಗೇ ಕೂತೆ. ಸಲಾಕೆ ಮಂಡಿಗೆ ಬಡಿದು ಮುಂದಕ್ಕೆ ಓಡಿತು, ಹಿಂದೆಯೇ ನಾನೂ. ಮೂರು ಸಲ ಹಾಗೇ ಆಯಿತು. "ಈ ಮೈಗೆ ಇದು ಒಗ್ಗೋದಿಲ್ಲ" ಎಂದು ತಮಿಳಿನಲ್ಲಿ ತೀರ್ಪು ಕೊಟ್ಟು ಅವರು ಬಸ್ಸು ಹತ್ತಿದರು. ನನಗೆ ಅಳು ಬಂತು. ಮಾವನಿಗೆ ಸಿಟ್ಟು ಬಂತು.

"ಮೈಗೆ ತಕ್ಕ ಕುಳಿ ತೋಡ್ತೀವಾ, ಕುಳಿಗೆ ತಕ್ಕ ಕಾಲು ಕಡೀತೀವಾ?" ಎಂದು ಹೇಳಿ ಹುರಿ ತಂದರು. ತೊಡೆ ಉದ್ದ, ಆದ್ದರಿಂದ ಸೊಂಟ ಮೇಲಿರಲಿ. ಪಾದ ಅಗಲಿಸಿ ಬೆರಳನ್ನು ಹೊರಗೆ ತಿರುಗಿಸು, ಮಂಡಿ ದಾರಿ ಬಿಡುತ್ತದೆ. ಬಲಗೈ ಮೇಲೆ ಅಷ್ಟು ಎಟುಕುವುದಿಲ್ಲ, ಅದನ್ನು ಎರಡು ಬೆರಳು ಒಳಗೆ ಹಿಡಿ. ಆ ಕಡೆ ಭಾರ ಒಂದಿಷ್ಟು ಹೆಚ್ಚು ಬೀಳುತ್ತದೆ, ಬೀಳಲಿ. ತಿಂಗಳುಗಟ್ಟಲೆ ಹೀಗೆ ಒಂದೊಂದು ಬೆರಳಿನಷ್ಟು ಬದಲಿಸುತ್ತಾ ಹೋದೆವು. ಒಂದು ದಿನ ಸಲಾಕೆ ಮಂಡಿಯನ್ನು ತಾಕದೆ ಮೇಲೆ ಬಂದು ತಲೆಯ ಮೇಲೆ ನಿಂತಿತು. ನಾನು ಅದನ್ನು ಇಳಿಸುವುದನ್ನೇ ಮರೆತು ನಿಂತಿದ್ದೆ. "ಇಳ್ಸು ಅಮ್ಮಣಿ, ಸೂರು ತೂತಾದಾತು" ಎಂದರು ಮಾವ.

ಆ ವರ್ಷ ಜಿಲ್ಲಾ ಸ್ಪರ್ಧೆಯಲ್ಲಿ ಹೆಂಗಸರಿಗೂ ಅವಕಾಶ ಕೊಟ್ಟರು. ಹೊರಡುವ ಹಿಂದಿನ ದಿನ ಮಾವ ತಮ್ಮ ಕೈಯ ಕಥೆ ಹೇಳಿದರು. ಹರೆಯದಲ್ಲಿ ಅವರೂ ನಗರಕ್ಕೆ ಹೋಗಿದ್ದರಂತೆ. ಮೂರು ಸಲ ಎತ್ತಿದರಂತೆ, ಮೂರು ಸಲವೂ ತೀರ್ಪುಗಾರರ ಕೆಂಪು ದೀಪ. ಕೈ ನೆಟ್ಟಗಾಗದಿದ್ದರೆ ಎತ್ತಿದ್ದು ಲೆಕ್ಕಕ್ಕಿಲ್ಲ. ಆದರೆ ಕೈಯೇ ಹಾಗಿದ್ದರೆ, ಸ್ಪರ್ಧೆಗೆ ಮೊದಲೇ ತೀರ್ಪುಗಾರರಿಗೆ ತೋರಿಸಿಬಿಟ್ಟರೆ ಒಪ್ಪುತ್ತಾರೆ. ಆ ನಿಯಮ ಅವರಿಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ.

"ಯಾರಾದ್ರೂ ಕೇಳಿದ್ರೆ ಹೇಳ್ತಿದ್ದೆ. ಯಾರೂ ಕೇಳಿಲ್ಲೆ. ನಾ ವೆಕ್ಕಪಟ್ಟು, ನಾಚ್ಕೊಂಡು, ತುಂಡು ಹೊದ್ಕೊಂಡೇ ಕೂತಿದ್ದೆ... ನೀ ಕೇಳೋಗಂಟ ಕಾಯ್ಬೇಡ. ಹೋಗಿ ತೋರ್ಸು."

ಹೇಳುವುದು ಸುಲಭ. ಕರುಮತ್ತಂಪಟ್ಟಿಯಲ್ಲಿ ಪವರ್‌ಲೂಮ್ ಇಟ್ಟಿದ್ದ ಮನೆಯೊಂದರಿಂದ ಆಗ ನನಗೆ ಸಂಬಂಧ ಬಂದಿತ್ತು. ಮಾತುಕತೆ ಮುಗಿದಿತ್ತು, ಹೂ ಮುಡಿಸುವುದಷ್ಟೇ ಬಾಕಿ. ಸ್ಪರ್ಧೆ ನೋಡಲು ನಮ್ಮ ಜನ ನಾಲ್ಕಾರು ಮಂದಿ ಬಂದೇ ಬರುತ್ತಾರೆ. ಬೆಳಿಗ್ಗೆ ಅಲ್ಲಿ ಕೈ ತೋರಿಸಿದರೆ ಸಂಜೆಯ ಬಸ್ಸಿಗೆ ಸುದ್ದಿ ಕರುಮತ್ತಂಪಟ್ಟಿ ಮುಟ್ಟುತ್ತದೆ. ತೋರಿಸದಿದ್ದರೆ ಮದುವೆ ಉಳಿಯುತ್ತದೆ, ಎತ್ತಿದ್ದು ಉಳಿಯುವುದಿಲ್ಲ. ತೋರಿಸಬೇಡವೆಂದು ಅಮ್ಮ ನನ್ನ ಕಾಲು ಹಿಡಿಯುವುದೊಂದು ಬಾಕಿ.

ಸಭಾಂಗಣದಲ್ಲಿ ತೀರ್ಪುಗಾರರು ಮೂವರೂ ಒಂದೇ ಮೇಜಿನಲ್ಲಿ ಕೂತು ಚಹಾ ಕುಡಿಯುತ್ತಿದ್ದರು. ಮಾವ ಕೊನೆಯ ಸಾಲಿನಲ್ಲಿ ಕೂತರು, ನನ್ನ ಜೊತೆ ಬರಲಿಲ್ಲ. ನಾನು ಹೋಗಿ ರವಿಕೆಯ ತೋಳನ್ನು ಹೆಗಲವರೆಗೆ ಮಡಚಿ, ಬಲಗೈಯನ್ನು ಅವರ ಲೋಟಗಳ ನಡುವೆ ಚಾಚಿದೆ. "ಇದು ಇಷ್ಟೇ ಸಾರ್ ನೆಟ್ಟಗಾಗೋದು. ನೋಡ್ಕೊಳ್ಳಿ" ಎಂದು ತಮಿಳಿನಲ್ಲಿ ಹೇಳಿದೆ. ದನಿ ಬೇಕಾದ್ದಕ್ಕಿಂತ ದೊಡ್ಡದಾಗಿ ಬಂತು. ಹಿಂದೆ ಕೂತ ನಮ್ಮ ಜನ ಕತ್ತು ಚಾಚಿದರು. ಹಿರಿಯ ತೀರ್ಪುಗಾರರು ಮೊಣಕೈಯನ್ನು ಮಡಚಿ, ಎಳೆದು ನೋಡಿ, ಹಾಳೆಯಲ್ಲಿ ಬರೆದುಕೊಂಡರು. "ಸರಿಯಮ್ಮ, ಹೋಗು" ಎಂದರು. ಅಷ್ಟೇ. ಹದಿನೈದು ವರ್ಷ ಮುಚ್ಚಿಟ್ಟದ್ದಕ್ಕೆ ಅವರು ಕೊಟ್ಟ ಹೊತ್ತು ಅರ್ಧ ಲೋಟ ಚಹಾದಷ್ಟು.

ಎತ್ತಿದೆ. ಮೂರೂ ದೀಪ ಬಿಳಿ, ಲೆಕ್ಕಕ್ಕೆ ಬಂತು. ನಮ್ಮ ತೂಕದವರು ಮೂವರೇ ಇದ್ದೆವು, ಅದರಲ್ಲಿ ನಾನು ಎರಡನೆಯವಳು. ನಗುವವರು ನಗಲಿ. ಕೊನೆಯ ಸಾಲಿನತ್ತ ನೋಡಿದೆ. ಮಾವ ಎದ್ದು ನಿಂತು, ತುಂಡಿಲ್ಲದ ಬರಿಗೈಯನ್ನು ಮೇಲೆತ್ತಿದ್ದರು. ಅದು ಎಂದಿನಂತೆ ಡೊಂಕಾಗಿಯೇ ಇತ್ತು.

ಸಂಬಂಧ ಮುರಿಯಿತು. ಅಮ್ಮ ನಾಲ್ಕು ದಿನ ಉಣ್ಣಲಿಲ್ಲ. ನನಗೆ ದುಃಖವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಹುಡುಗ ಚೆನ್ನಾಗಿದ್ದ. ಆದರೆ ಕೈ ಮುಚ್ಚಿಕೊಂಡು ಅವನ ಮನೆಯಲ್ಲಿ ಎಷ್ಟು ದಿನ ಕಾಫಿ ಕೊಡುತ್ತಿದ್ದೆ? ಎರಡು ವರ್ಷದ ಮೇಲೆ ಕೊಳ್ಳೇಗಾಲದಿಂದ ನನ್ನನ್ನು ನೋಡಲು ಬಂದವರಿಗೆ ಮೊದಲು ತೋರಿಸಿದ್ದೇ ಆ ಕೈ. ಅವರು ನಕ್ಕು, "ಮುಖವನ್ನೂ ತೋರಿಸಿ" ಎಂದರು.

ಮಾವ ತೀರಿಕೊಂಡ ಸುದ್ದಿ ತಡವಾಗಿ ತಲುಪಿತು. ಘಟ್ಟ ಇಳಿದು ಹೋಗುವಷ್ಟರಲ್ಲಿ ಹೊರಡಿಸುವ ಹೊತ್ತು. ಅವರ ಬಲಗೈ ಮೈಗೆ ಒತ್ತಿ ಮಲಗದೆ ಮೊಣಕೈ ಮೇಲೆದ್ದಿತ್ತು. ನೋಡಲು ಚೆನ್ನಾಗಿಲ್ಲವೆಂದು ಯಾರೋ ಅದರ ಮೇಲೆ ಹೊಸ ತುಂಡೊಂದನ್ನು ಹೊದಿಸಿದ್ದರು. ನಾನು ಅದನ್ನು ತೆಗೆದೆ. ಮತ್ತೆ ಹೊದಿಸಲು ಬಂದವರ ಕೈ ಹಿಡಿದು, "ಮುಚ್ಚಬೇಡಿ" ಎಂದೆ. ಹೆಂಗಸು ಹಾಗೆಲ್ಲ ಮುಂದೆ ಬಂದು ಮಾತಾಡಬಾರದಂತೆ. ಆಡಿದೆ.

ಹುರಿಯನ್ನು ಇವತ್ತು ಮತ್ತೆ ಮೈಗೆ ಹಿಡಿದು ನೋಡಿದೆ. ಕಾಲಿನ ಗಂಟುಗಳು ಈಗಲೂ ಸರಿಯಾಗಿ ಕೂರುತ್ತವೆ. ಕೈ ಇನ್ನೊಂದಿಷ್ಟು ಮಡಚಿಕೊಂಡಿದೆ. ಊರಿನ ಅರ್ಧ ಜನರ ಕಾಲಿನ ಅಳತೆ ಮಾವನ ಮನೆಯ ಮೊಳೆಗೆ ನೇತಾಡುತ್ತಿತ್ತು... ಒಂದೊಂದು ಹುರಿಗೂ ಒಂದೊಂದು ಮನೆ. ಅವರ ಅಳತೆಯನ್ನು ಮಾತ್ರ ಯಾರೂ ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ.