ಎರಡೂ ಊರಿನ ಹೆಗಲಿಗೆ ಹಸಿರು ಟವೆಲ್ಲು

ಮೊನ್ನೆ ನನ್ನ ಮಗ ಮೊಬೈಲು ಹಿಡಿದುಕೊಂಡು ಅಡುಗೆಮನೆಗೆ ಬಂದ. ಯಾವುದೋ ಪರದೇಶದ ಫುಟ್‌ಬಾಲ್ ಆಟ. ಆಡುವವರು ಸೊಂಟದ ಮೇಲೆ ಕೈಯಿಟ್ಟು ಸುಮ್ಮನೆ ನಿಂತಿದ್ದಾರೆ, ನೋಡಲು ಬಂದವರು ಕುರ್ಚಿ ಕಿತ್ತು ಒಬ್ಬರ ಮೇಲೊಬ್ಬರು ಎಸೆಯುತ್ತಿದ್ದಾರೆ. "ನೋಡಮ್ಮ, ಎಂಥ ಕಾಡುಜನ" ಅಂದ. ನನಗೆ ನಗು ತಡೆಯಲಾಗಲಿಲ್ಲ. ಶ್ರೀರಂಗಪಟ್ಟಣದಲ್ಲಿ ಹುಟ್ಟಿ ಬೆಳೆದ ಹುಡುಗ, ತನ್ನ ತಾತ ಯಾವ ಗರಡಿಯವನು ಎಂದು ಅವನಿಗೇನು ಗೊತ್ತು. ಕುರ್ಚಿ ಎಸೆಯಬೇಕಾದರೆ ಮೊದಲು ಕುರ್ಚಿ ಇರಬೇಕಲ್ಲ. ನಮ್ಮೂರ ಆಟದ ಬಯಲಿನಲ್ಲಿ ಇದ್ದದ್ದೇ ಎರಡು. ಒಂದರ ಮೇಲೆ ಅಂಪೈರು ಕೂರುತ್ತಿದ್ದರು, ಇನ್ನೊಂದರ ಕಾಲಿಗೆ ಬಹುಮಾನದ ಟಗರನ್ನು ಕಟ್ಟುತ್ತಿದ್ದರು.

ನಮ್ಮದು ಫುಟ್‌ಬಾಲ್ ಅಲ್ಲ, ಕಬಡ್ಡಿ. ನಮ್ಮೂರು ಪಾಂಡವಪುರದ ಕಡೆ, ನಾಲೆಯ ಈಚೆ ದಡದಲ್ಲಿ. ಆಚೆ ದಡದಲ್ಲಿ ಇನ್ನೊಂದು ಊರು. ಎರಡಕ್ಕೂ ಅದೇ ನೀರು, ಅದೇ ಕಬ್ಬು, ಅದೇ ಡೈರಿಯ ಹಾಲಿನ ವ್ಯಾನು. ನಮ್ಮ ಹೆಣ್ಣು ಅಲ್ಲಿಗೆ ಹೋಗುತ್ತಿತ್ತು, ಅಲ್ಲಿಯ ಹೆಣ್ಣು ಇಲ್ಲಿಗೆ ಬರುತ್ತಿತ್ತು. ವರ್ಷವಿಡೀ ಬೀಗರಾಗಿದ್ದವರು ಕಬಡ್ಡಿ ಫೈನಲ್ಲಿನ ದಿನ ಮಾತ್ರ ಹುಟ್ಟಾ ವೈರಿಗಳಾಗಿಬಿಡುತ್ತಿದ್ದರು. ನಾಗಮಂಗಲ, ಕೆ.ಆರ್.ಪೇಟೆ ಕಡೆಯ ತಂಡಗಳೂ ಪಾಲಹಳ್ಳಿಯ ಹುಡುಗರೂ ಬರುತ್ತಿದ್ದರು, ಸೋಲುತ್ತಿದ್ದರು, ಮುದ್ದೆ ಬಾಡಿನ ಸಾರು ಉಂಡು ಕತ್ತಲಾಗುವ ಮೊದಲು ಜಾಗ ಖಾಲಿ ಮಾಡುತ್ತಿದ್ದರು. ಬುದ್ಧಿವಂತರು. ಫೈನಲ್ಲಿಗೆ ಉಳಿಯುತ್ತಿದ್ದದ್ದು ನಾವು ಮತ್ತು ಅವರು.

ಅಂಪೈರನ್ನು ಹುಡುಕುವುದೇ ದೊಡ್ಡ ಕಷ್ಟವಾಗಿತ್ತು. ಸುತ್ತಮುತ್ತ ಯಾರನ್ನು ಕರೆದರೂ ಈ ಊರಿನವರಿಗೆ ಸೋದರಮಾವನೋ ಆ ಊರಿನವರಿಗೆ ಷಡ್ಡಕನೋ ಆಗಿರುತ್ತಿದ್ದರು. ಕೊನೆಗೆ ಹಿರಿಯರು ತಲೆ ಓಡಿಸಿ ಮೇಲುಕೋಟೆಯಿಂದ ನಾಮ ಹಾಕಿದ ಒಬ್ಬ ಡ್ರಿಲ್ ಮೇಷ್ಟ್ರನ್ನು ಗೊತ್ತು ಮಾಡಿದರು. ಅವರಿಗೆ ಎರಡೂ ಊರಿನಲ್ಲಿ ಹೆಣ್ಣು ಕೊಟ್ಟು ತರುವ ಸಂಬಂಧವಿರಲಿಲ್ಲ, ಇರುವ ಹಾಗೂ ಇರಲಿಲ್ಲ. ಸಾಲದ್ದಕ್ಕೆ ಮಾಂಸ ಮುಟ್ಟದವರಾದ್ದರಿಂದ ಟಗರಿನ ಮೇಲೂ ಆಸೆಯಿಲ್ಲ. ಇದಕ್ಕಿಂತ ನಿಷ್ಪಕ್ಷಪಾತಿ ಬೇಕೆಂದರೆ ದೇವರೇ ಇಳಿದು ಬರಬೇಕಿತ್ತು. ಆ ಪುಣ್ಯಾತ್ಮರು ಶಾಲೆಯ ಕೋಣೆಯ ಬಾಗಿಲು ತೆರೆದಿದೆಯೇ, ಒಳಗಿನ ಚಿಲಕ ಸರಿಯಿದೆಯೇ ಎಂದು ನೋಡಿಕೊಳ್ಳದೆ ಸೀಟಿ ಊದುತ್ತಿರಲಿಲ್ಲ.

ನಾನು ಹೇಳಹೊರಟದ್ದು ಎರಡು ವರ್ಷದ ಎರಡು ಜಗಳದ ಕಥೆ. ನಾನಾಗ ಪಾಂಡವಪುರಕ್ಕೆ ಪಿಯುಸಿ ಓದಲು ಹೋಗುತ್ತಿದ್ದೆ. ನನ್ನ ಅಕ್ಕನನ್ನು ಆಚೆ ದಡದ ಊರಿಗೆ ಕೊಟ್ಟು ಆರು ತಿಂಗಳೂ ಆಗಿರಲಿಲ್ಲ. ಬಾವ ಆ ಊರಿನ ಹೆಸರಾಂತ ರೈಡರು. ಮೊದಲ ವರ್ಷದ ಫೈನಲ್ಲಿನಲ್ಲಿ ಬಾವ ನಮ್ಮವರಲ್ಲಿ ಇಬ್ಬರನ್ನು ಮುಟ್ಟಿ ನಡುಗೆರೆಯ ಕಡೆಗೆ ಹಾರಿದರು. ಗೆರೆಗೆ ಇನ್ನೊಂದು ಗೇಣು ಬಾಕಿ. ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದ ನಮ್ಮಪ್ಪ ಕೈ ಚಾಚಿ ಬಾವನ ಕಾಲು ಹಿಡಿದುಬಿಟ್ಟ.

ಆಡುವವರು ಹಿಡಿದರೆ ಅದು ಆಟ. ನೋಡುವವನು ಹಿಡಿದರೆ ಏನನ್ನಬೇಕು? ಬಾವ ಮುಗ್ಗರಿಸಿ ಬಿದ್ದು ಗದ್ದ ಸೀಳಿಕೊಂಡರು. ಆ ಕಾಲನ್ನು ಆರು ತಿಂಗಳ ಹಿಂದೆ ಧಾರೆ ಮಂಟಪದಲ್ಲಿ ತಟ್ಟೆಯಲ್ಲಿಟ್ಟು ತೊಳೆದವನೂ ನಮ್ಮಪ್ಪನೇ. ಮನೆಗೆ ಬಂದಮೇಲೆ, "ಯಾವ್ದೋ ಕಾಲು ಅಂತ ಇಡ್ಕಂಡೆ ಕಣೆ, ಅಳಿಯಂದು ಅಂತ ಗೊತ್ತಾಗ್ನಿಲ್ಲ" ಅಂದ. "ಕೈಯಾರೆ ತೊಳ್ದಿದ್ ಕಾಲು ಗುರ್ತು ಸಿಗ್ನಿಲ್ವಾ?" ಅಂದಳು ಅವ್ವ. 

ಮನೆಗೆ ಬರುವ ಮೊದಲು ಬಯಲಿನಲ್ಲಿ ಆಗಬೇಕಾದ್ದೆಲ್ಲ ಆಗಿತ್ತು. ಕಬ್ಬು ಕಡಿಯುವ ಕಾಲ, ರಸ್ತೆ ಬದಿಯಲ್ಲಿ ಲೋಡಾದ ಟ್ರಾಕ್ಟರುಗಳು ನಿಂತಿದ್ದವು. ಎರಡೂ ಊರಿನವರು ಜಲ್ಲೆ ಎಳೆದುಕೊಂಡು ಬಡಿದಾಡಿದರು. ಸುಸ್ತಾದವರು ಅದೇ ಜಲ್ಲೆಯನ್ನು ಸಿಗಿದು ತಿಂದು ಮತ್ತೆ ಎದ್ದು ಬಂದರು. ನಮ್ಮವರಿಗೆ ಬಿದ್ದ ಏಟಿನಲ್ಲಿ ಅರ್ಧಕ್ಕರ್ಧ ನಮ್ಮವರೇ ಕೊಟ್ಟದ್ದೆಂದು ಆಮೇಲೆ ತಿಳಿಯಿತು. ಎಲ್ಲರದೂ ಅದೇ ಬಿಳಿ ಅಂಗಿ, ಅದೇ ಪಟ್ಟಾಪಟ್ಟಿ ಚಡ್ಡಿ, ದೂಳು ಬೇರೆ. ನಮ್ಮ ಕೇರಿಯ ಯಜಮಾನರ ಕಿವಿ ಹಲಸಿನ ತೊಳೆಯಷ್ಟು ಊದಿತ್ತು. ಹೊಡೆದವನು ಅವರ ಸ್ವಂತ ತಮ್ಮ.

ಇದೆಲ್ಲ ನಗುವ ಮಾತಾಯಿತು. ನಗು ಬರದ ಮಾತೆಂದರೆ, ಅಕ್ಕ ಅಂದಿನಿಂದ ತವರಿಗೆ ಬರಲಿಲ್ಲ. ಅವಳ ಅತ್ತೆ ಎದೆ ಗಟ್ಟಿಯಾದ ಹೆಂಗಸು. "ನನ್ ಮಗನ್ ಕಾಲೆಳ್ದೋನ್ ಮನೆ ವಸ್ಲು ನನ್ ಸೊಸೆ ತುಳ್ಯಕ್ಕಿಲ್ಲ. ಅವ್ರಪ್ಪ ಬಂದು ಬಾಯ್ಬುಟ್ ಕರದ್ರೆ ಆವತ್ತು ನೋಡಾನ" ಎಂದು ಹೇಳಿ ಕಳಿಸಿದರು. ಅಪ್ಪ ಮೀಸೆ ತಿರುವಿ, "ಬೇಕಾದ್ರೆ ಅವ್ರೇ ಕಳುಸ್ಲಿ, ನಾನ್ಯಾಕ್ ಕರೀಲಿ" ಅಂದ. ಗೌರಿ ಹಬ್ಬ ಬಂತು, ಹೋಯಿತು. ಅವ್ವ ಬಾಗಿನ ಕಟ್ಟಿಟ್ಟು, ಯಾರೂ ಒಯ್ಯುವವರಿಲ್ಲದೆ, ಬಿಚ್ಚಿಟ್ಟಳು. ದೀಪಾವಳಿಗೂ ಅಷ್ಟೇ. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಅಪ್ಪನಿಗೆ ಕೇಳುವಂತೆ ಬೀಸುವ ಕಲ್ಲಿನ ಹತ್ತಿರ ಹೇಳುತ್ತಿದ್ದಳು. ಅಷ್ಟರಲ್ಲಿ ಅಕ್ಕ ಬಸುರಿಯೆಂದು ಸುದ್ದಿ ಬಂತು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು, ಅದು ನಮ್ಮ ಕಡೆ ಕಲ್ಲಿನಲ್ಲಿ ಕೊರೆದ ಮಾತು. ಆದರೆ ಕರೆಯದೆ ಅವರು ಕಳಿಸುವುದಿಲ್ಲ, ಕಳಿಸದೆ ಇವನು ಕರೆಯುವುದಿಲ್ಲ. ಅವಳಿಗೆ ಏಳು ತುಂಬುವ ಹೊತ್ತಿಗೆ ಮುಂದಿನ ಫೈನಲ್ಲು ಬಂತು. ನನಗಂತೂ ಈ ಗಂಡಸರನ್ನೆಲ್ಲ ಸಾಲಾಗಿ ನಿಲ್ಲಿಸಿ ನಾಲೆಗೆ ನೂಕಬೇಕೆನಿಸುತ್ತಿತ್ತು.

ಈ ಸಲ ನಮ್ಮವರನ್ನು ನಮ್ಮವರೇ ಹೊಡೆಯಬಾರದೆಂದು ನಮ್ಮೂರಲ್ಲಿ ಮೀಟಿಂಗು ಮಾಡಿದರು. ಜಗಳವೇ ಬೇಡ ಎಂದು ಒಬ್ಬರಾದರೂ ಹೇಳಿದರೇ? ಇಲ್ಲ. ಹೆಗಲ ಮೇಲೆ ಗುರುತಿಗೆ ಏನು ಹಾಕಿಕೊಳ್ಳುವುದು ಎಂದೇ ಚರ್ಚೆ. ಹೊಸದಾಗಿ ಕೊಳ್ಳುವುದಕ್ಕೆ ಯಾರಿಗೂ ಮನಸ್ಸಿಲ್ಲ. ರೈತರ ಹೋರಾಟ ಜೋರಾಗಿದ್ದ ಕಾಲ, ಪ್ರತಿ ಮನೆಯ ಗೂಟದಲ್ಲೂ ಒಂದು ಹಸಿರು ಟವೆಲ್ಲು ನೇತಾಡುತ್ತಿತ್ತು. "ಅದ್ನೇ ಆಕ್ಕಳಾನ. ಅಸ್ರು ಕಂಡ್ರೆ ನಮ್ಮೋನು, ಬುಟ್ಬುಡದು. ಇಲ್ದೋನ್ಗೆ ಇಕ್ಕದು" ಎಂದು ಊದಿದ್ದ ಕಿವಿಯ ಯಜಮಾನರು ತೀರ್ಮಾನ ಹೇಳಿದರು. ಎಲ್ಲರೂ ತಲೆದೂಗಿದರು.

ಆ ವಾರ ಪಾಂಡವಪುರದ ಸಂತೆಯಲ್ಲಿ ಅಕ್ಕ ಸಿಕ್ಕಿದಳು. ಅತ್ತೆ ಸೊಪ್ಪು ಚೌಕಾಸಿ ಮಾಡುವಷ್ಟು ಹೊತ್ತು ನಾವಿಬ್ಬರೂ ಗುಟ್ಟಾಗಿ ಮಾತಾಡುತ್ತಿದ್ದೆವು. ಅವಳ ಮುಖ ಬಾಡಿತ್ತು, ಹೊಟ್ಟೆ ಮಾತ್ರ ಮುಂದೆ ಬಂದಿತ್ತು. "ನಮ್ಮೂರೋರು ಈ ಸಲ ಬಲೇ ಬುದ್ವಂತ್ರಾಗವ್ರೆ ಕಣೆ. ಗುರ್ತಿಗೆ ಅಸ್ರು ಟವಲ್ ಆಕ್ಕತಾರಂತೆ" ಅಂದಳು. ಅವಳ ಬಾಯಲ್ಲಿ ಈಗ ನಮ್ಮೂರು ಅಂದರೆ ಗಂಡನ ಊರು. ನಾನು ಮೂಲಂಗಿ ಕಟ್ಟು ಕೆಳಗೆ ಹಾಕಿ ನಕ್ಕೆ. ನಮ್ಮವರದೂ ಅದೇ ಟವೆಲ್ಲು ಎಂದು ಹೇಳಿದಮೇಲೆ ಅವಳೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿಸಿ, "ಅವ್ವ ಎಂಗವ್ಳೆ?" ಎಂದು ಕೇಳಿದವಳೇ ಅತ್ತುಬಿಟ್ಟಳು.

ಮನೆಗೆ ಬಂದು, ಹಸು ತೊಳೆಯುತ್ತಿದ್ದ ಅಪ್ಪನಿಗೆ ಟವೆಲ್ಲಿನ ವಿಷಯ ಹೇಳಿದೆ. ಯಜಮಾನರಿಗೆ ಮುಟ್ಟಿಸುತ್ತಾನೆ, ಬಣ್ಣ ಬದಲಾಗುತ್ತದೆ ಎಂದುಕೊಂಡಿದ್ದೆ. ಅಪ್ಪ ಹಸುವಿನ ಬೆನ್ನು ಉಜ್ಜುವುದು ನಿಲ್ಲಿಸಿದ. "ಉಂ" ಅಂದ. "ಇನ್ಯಾರ್ಗೂ ಯೋಳ್ಬ್ಯಾಡ ಕಣವ್ವ" ಅಂದ. ಫೈನಲ್ಲಿನ ದಿನ ನೋಡಿದರೆ ತಾನೂ ಅದೇ ಹಸಿರು ಟವೆಲ್ಲು ಹಾಕಿಕೊಂಡು ಹೊರಟ. ಊರಿನವರಿಗೆಲ್ಲ ಒದೆ ಬೀಳಲಿ ಎಂದು ಇವನಿಗೇಕೆ ಆಸೆಯೋ ನನಗೆ ಅರ್ಥವಾಗಲಿಲ್ಲ.

ಆ ವರ್ಷದ ಆಟ ನಮ್ಮೂರ ಶಾಲೆಯ ಬಯಲಿನಲ್ಲಿ. ನಾನು ಗೆಳತಿಯರ ಜೊತೆ ಶಾಲೆಯ ತಾರಸಿ ಹತ್ತಿದ್ದೆ. ಆಚೆ ಊರಿನ ಹೆಂಗಸರು ಅವರ ಕಡೆಯ ತುದಿಯಲ್ಲಿ ಟ್ರಾಕ್ಟರಿನ ಟ್ರೇಲರಿನಲ್ಲಿ ಕೂತಿದ್ದರು. ನಡುವೆ ಅಕ್ಕ, ಪಕ್ಕದಲ್ಲಿ ಕಾವಲಿಗೆ ಅತ್ತೆ. ನಮ್ಮ ಮನೆಯ ಹೆಂಚು ಅವಳಿಗೆ ಅಲ್ಲಿಂದ ಕಾಣುತ್ತಿತ್ತು. ಅಷ್ಟು ಹತ್ತಿರ ಬಂದು ಅವಳು ಮನೆಗೆ ಬರುವಂತಿರಲಿಲ್ಲ. ಅದನ್ನು ನೆನೆದರೆ ಈಗಲೂ ನನಗೆ ಸಿಟ್ಟು ಬರುತ್ತದೆ.

ಆಟ ಕೊನೆಯವರೆಗೂ ಸಮಸಮ ನಡೆಯಿತು. ಕೊನೆಯ ರೈಡಿನಲ್ಲಿ ನಮ್ಮ ಹುಡುಗನ ಉಸಿರು ಕಡಿಯಿತು ಎಂದು ಮೇಷ್ಟ್ರು ಸೀಟಿ ಊದಿದರು. ಕಡಿಯಲಿಲ್ಲ ಎಂದು ನಮ್ಮವರು ಎದ್ದರು. ಕಡಿಯಿತು ಎಂದು ಅವರು ಎದ್ದರು. ಮೇಷ್ಟ್ರು "ರಂಗಾ, ರಂಗಾ" ಎನ್ನುತ್ತ ಶಾಲೆಯ ಕೋಣೆ ಸೇರಿ ಚಿಲಕ ಹಾಕಿಕೊಂಡ ಸದ್ದು ನಮಗೆ ತಾರಸಿಯ ಮೇಲೆ ಕೇಳಿಸಿತು.

ಜಲ್ಲೆ ಎತ್ತಿ ನುಗ್ಗಿದವರು ನಡುಗೆರೆಯ ಹತ್ತಿರ ಬಂದು ಹಾಗೇ ನಿಂತರು. ಎತ್ತ ನೋಡಿದರೂ ಹಸಿರು. ನಾಟಿಯಾದ ಗದ್ದೆಯ ಹಾಗೆ ಇಡೀ ಬಯಲು ಹಸಿರು. ಹೊಡೆಯಬೇಕು, ಯಾರನ್ನು ಎಂದು ತಿಳಿಯದು. ಕೊನೆಗೆ ಒಬ್ಬ ದಾರಿ ಕಂಡುಹಿಡಿದ, ಹೊಡೆಯುವ ಮೊದಲು ಕೇಳುವುದು. ಒಂದು ಗಳಿಗೆಯಲ್ಲಿ ಎಲ್ಲರೂ ಅದನ್ನೇ ಹಿಡಿದರು.

"ಯಾವೂರ್ಲಾ ನೀನು?"

"ನಿಮ್ಮೂರೇ ಕಣಣ್ಣೋ!"

"ನಮ್ಮೂರಾದ್ರೆ ಯಾರ್ ಮಗ ಯೋಳು."

"ಮಗ ಅಲ್ಲ ಕಣಣ್ಣೋ, ಮ್ಯಾಗಲ್ ಬೀದಿ ಟ್ರಾಕ್ಟರ್ನೋರ್ ಮನೆ ಅಳಿಯ!"

"ಅಳಿಯ ಅಂದ್ಮ್ಯಾಕೆ ಆ ಊರೋನೇ ಅಲ್ವೇನ್ಲಾ!" ಧಬ್ಬೆಂದು ಬಿತ್ತು.

ಹೀಗೆ ಬೈಗುಳದ ಬದಲು ವಂಶಾವಳಿ ನಡೆಯಿತು. ಕೆಲವರು ಕೇಳುತ್ತ ಕೇಳುತ್ತ ಬೀಗರಾಗಿ, ಜಲ್ಲೆ ಇಳಿಸಿ, "ಅತ್ಯಮ್ಮನ್ ಮಂಡಿನೋವು ಎಂಗದೆ?" ಎಂದು ವಿಚಾರಿಸುತ್ತಿದ್ದರು. ನಾವು ತಾರಸಿಯ ಮೇಲೆ ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡೆವು. ಅಷ್ಟರಲ್ಲಿ ಆಚೆಯವರ ಕಡೆಯ ತುದಿಯಲ್ಲಿ, ಟ್ರೇಲರಿನ ಹತ್ತಿರ, ನಮ್ಮ ಯಜಮಾನರು ಯಾರನ್ನೋ ಅಡ್ಡಗಟ್ಟಿ ನಿಂತಿದ್ದು ಕಂಡಿತು. ಅವರು ಏನೋ ಕೇಳಿದರು. ಆ ಮನುಷ್ಯ ದೂಳಿನಲ್ಲಿ ಬಾಯಿ ತೆರೆದ, ಮುಚ್ಚಿದ, ಏನೂ ಹೇಳಲಿಲ್ಲ. ಜಲ್ಲೆ ನೆತ್ತಿಗೆ ಬಿತ್ತು. ಬಿದ್ದವನ ಮೇಲೆ ಇನ್ನೊಂದು ಏಟು ಬೀಳದಂತೆ ಆಟದ ಚಡ್ಡಿಯ ಒಬ್ಬರು ಹಾರಿ ಅಡ್ಡ ಮಲಗಿದರು. ಅವರು ಬಾವ. ಕೆಳಗೆ ಬಿದ್ದವನು ನಮ್ಮಪ್ಪ. ನನ್ನ ನಗು ಅಲ್ಲೇ ನಿಂತಿತು. ವಿಷಯ ಗೊತ್ತಿದ್ದೂ ಸುಮ್ಮನಿದ್ದೆನಲ್ಲ ಎಂದು ನನ್ನನ್ನೇ ಬೈದುಕೊಳ್ಳುತ್ತ ತಾರಸಿಯಿಂದ ಇಳಿದು ಓಡಿದೆ.

ಸಂಜೆ ಅಪ್ಪನನ್ನು ಜಗಲಿಯ ಮೇಲೆ ಒರಗಿಸಿದ್ದರು. ಅವ್ವ ಗಾಯಕ್ಕೆ ಕಾಫಿಪುಡಿ ಒತ್ತಿ ಬಟ್ಟೆ ಕಟ್ಟಿದ್ದಳು, ಮನೆಯೆಲ್ಲ ಹೋಟೆಲಿನ ವಾಸನೆ. ಊರೇ ಬಂದು ಕೂತಿತ್ತು. ಹೊಡೆದ ಯಜಮಾನರೇ ಎಲ್ಲರಿಗಿಂತ ಜೋರಾಗಿ ಹೊಗಳುತ್ತಿದ್ದರು: "ಗಂಡ್ಸು ಅಂದ್ರೆ ಇವ್ನು ಕಣ್ರಪ್ಪ. ನಾವೆಲ್ಲ ಗೆರೆತಾವೇ ನಿಂತಿದ್ರೆ ಇವ್ನೊಬ್ನೇ ಅವ್ರ್ ಮದ್ಯಕ್ ನುಗ್ಗಿದ್ದ. ನಂಗೆ ಗುರ್ತು ಸಿಗ್ದೆ ಒಂದ್ ಬಿದ್ಬುಡ್ತು." ಅಪ್ಪ ಕಣ್ಣು ಮುಚ್ಚಿಕೊಂಡಿದ್ದ. 

ಆಗ ಬಾಗಿಲ ಮುಂದೆ ಟ್ರಾಕ್ಟರು ನಿಂತಿತು. ಬಾವ ಮೆಲ್ಲಗೆ ಕೈ ಹಿಡಿದು ಅಕ್ಕನನ್ನು ಇಳಿಸಿದರು. ಹಿಂದೆಯೇ ಬಟ್ಟೆಯ ಗಂಟು ಹೊತ್ತು ಅತ್ತೆ ಇಳಿದರು. ಜಗಲಿಯ ಮೇಲಿದ್ದವರೆಲ್ಲ ಎದ್ದು ನಿಂತರು. ಮತ್ತೆ ಜಗಳವೇ ಎಂದು ಒಬ್ಬಿಬ್ಬರು ಟವೆಲ್ಲು ಬಿಗಿ ಮಾಡಿಕೊಂಡದ್ದೂ ಉಂಟು. ಅಕ್ಕ ಯಾರನ್ನೂ ನೋಡದೆ ಹೊಸಿಲು ದಾಟಿ ಬಂದು ಅವ್ವನ ಹೆಗಲಿಗೆ ಮುಖ ಇಟ್ಟಳು. ಅವ್ವ ಅವಳ ಬೆನ್ನು ಸವರಿದಳು.

ಅತ್ತೆ ಗಂಟನ್ನು ಅಪ್ಪನ ಕಾಲ ಬುಡದಲ್ಲಿಟ್ಟರು. "ನಮ್ಮೋರ್ ಮದ್ಯ ನಮ್ಮೋನಂಗೇ ಬಂದು, ಟ್ರೇಲರ್ತಾವ್ ನಿಂತ್ಕಂಡು, 'ಬಾರವ್ವ, ಕರ್ಯಾಕ್ ಬಂದಿವ್ನಿ' ಅಂದ. ನಾನೂ ಕೇಳುಸ್ಕಂಡೆ. ಬಾಯ್ಬುಟ್ ಕರ್ದೂ ಆಯ್ತು, ಏಟ್ ತಿಂದೂ ಆಯ್ತು. ಇನ್ನ ನಾನೇನ್ ಮಾತಾಡ್ಲಿ" ಅಂದರು.

 ಟವೆಲ್ಲಿನ ವಿಷಯ ಕೇಳಿ ಅಪ್ಪ ಯಾಕೆ ಸುಮ್ಮನಿದ್ದ ಎಂದು ನನಗೆ ಆಗ ಹೊಳೆಯಿತು. ಬೇರೆ ಬಣ್ಣ ಹಾಕಿದ್ದರೆ ಅವನು ಆ ತುದಿಯವರೆಗೆ ಹೋಗುವುದು ಸಾಧ್ಯವಿರಲಿಲ್ಲ. ಯಜಮಾನರಿಗೆ ಮಾತ್ರ ಇನ್ನೂ ಅನುಮಾನ ತೀರಲಿಲ್ಲ. ಕಿವಿ ಸವರಿಕೊಳ್ಳುತ್ತ ಕೇಳಿದರು: "ಅಲ್ಲ ಕಣ್ಲಾ, 'ಯಾವೂರ್ಲಾ' ಅಂತ ಎಲ್ಡು ಸಲ ಕೇಳಿವ್ನಿ. ಬಾಯ್ ಬುಟ್ಟಿದ್ರೆ ನಾನ್ ಒಡೀತಿದ್ನಾ? ಯಾಕ್ಲಾ ಯೋಳ್ನಿಲ್ಲ?"

ಅಪ್ಪ ಕಣ್ಣು ಬಿಟ್ಟು, ಅವ್ವನ ಹೆಗಲಿನ ಮೇಲಿದ್ದ ಅಕ್ಕನ ತಲೆಯನ್ನು ನೋಡಿದ.

"ನಂಗೇ ಗೊತ್ತಾಗ್ನಿಲ್ಲ ಕಣ್ಲಾ. ಮನೆ ಈ ಕಡೆ, ಮಗ್ಳು ಆ ಕಡೆ. ಯಾವ್ದು ಅಂತ ಯೋಳಾನ ಅಂತ ಯೋಚ್ನೆ ಮಾಡ್ತಿದ್ದೆ, ಅಷ್ಟ್ರಾಗೆ ನೀನು ಬಾರ್ಸ್ಬುಟ್ಟೆ."